ಹಾಡಿನ ಡಬ್ಬಿಗೆ ಉದ್ವಾಸನೆ

ದೇವರ ಕೆಲಸಕ್ಕೆಂದು ಮನೆಗೆ ತಂದ ವಸ್ತುಗಳೇ ನನ್ನನ್ನು ಹೆಚ್ಚು ನಗಿಸಿವೆ. ಬೆಳಗಾದರೆ ಬರೀ ದೂರು ಕೇಳಿ ಕೇಳಿ ಆ ದೇವರಿಗೂ ಬೇಸರವಾಗಿರಬೇಕು, ಪಾಪ.

ಕಂಪ್ಯೂಟರಿನಿಂದ ಹಾಡು ತುಂಬಿಸಿಕೊಳ್ಳುವ ಎಂಪಿತ್ರೀ ಪ್ಲೇಯರುಗಳು ಹೊಸದಾಗಿ ಬಂದ ಕಾಲ. ಹಲಸೂರಿನ ನಮ್ಮ ಭಜನಾ ಮಂಡಳಿಯ ಹೆಂಗಸರು ನಮ್ಮ ಮನೆಯಲ್ಲೇ ಕೂತು, ಕಂಪ್ಯೂಟರಿಗೆ ಮೈಕು ಸಿಕ್ಕಿಸಿ, ಹಾಡಿ ರೆಕಾರ್ಡ್ ಮಾಡಿದ್ದೆವು. ಧನುರ್ಮಾಸದ ಬೆಳಗಿನ ಪೂಜೆಗೆ ಗುಡಿಯ ಸ್ಪೀಕರಿನಲ್ಲಿ ನಮ್ಮದೇ ದನಿ ಕೇಳಬೇಕೆಂಬ ಆಸೆ. ಗುಡಿಯ ಅಧ್ಯಕ್ಷರು ಮಾತ್ರ, "ಮೊದಲ ದಿನ ಹಾಕಿ ನೋಡೋಣಮ್ಮ. ಕೈಕೊಟ್ರೆ ನಾನು ಕೊಂಡಿರೋ ಸಿ.ಡಿ. ಇದ್ದೇ ಇದೆ" ಅಂದುಬಿಟ್ಟರು.

ಕೈಕೊಡುವುದೇ? ನಮ್ಮದು ಲಿನಕ್ಸ್ ಅನ್ನೋ, ಸುಲಭಕ್ಕೆ ವೈರಸ್ ಹತ್ತದ ಸಾಫ್ಟ್‌ವೇರಿನ ಕಂಪ್ಯೂಟರ್. ಇಡೀ ಬೀದಿಗೆ ಒಂದೇ. ಶಿವಾಜಿನಗರದ ಅಂಗಡಿಯ ಭಾಯ್ ಜೋಡಿಸಿಕೊಟ್ಟಿದ್ದು. ಬೇರೆಯವರ ಮನೆಯಲ್ಲಿ ವೈರಸ್ ಬಂತು ಅಂದಾಗಲೆಲ್ಲ ನಾನು ದೇವರಿಗೆ ಕೈಮುಗಿದು, ಸ್ವಲ್ಪ ಬೀಗುತ್ತಿದ್ದೆ.

ಕುಂಕುಮ

ಹೊಸ ಪ್ಲೇಯರ್ ತಂದು, ಪೂಜೆ ಮಾಡಿ, ಕಂಪ್ಯೂಟರಿಗೆ ವೈರ್ ಸಿಕ್ಕಿಸಿದೆ. ಪರದೆಯಲ್ಲಿ ಏನೂ ಬರಲಿಲ್ಲ. ಡಬ್ಬದಲ್ಲಿದ್ದ ಸಿ.ಡಿ. ಹಾಕಿದೆ. ಅದಕ್ಕೆ ಲಿನಕ್ಸಿನ ಗುರುತೇ ಸಿಗಲಿಲ್ಲ. ಭಾಯ್‌ಗೆ ಫೋನ್ ಮಾಡಿದೆ.

"ಆ ಸಿ.ಡಿ. ಬಿಸಾಕಿ ಅಮ್ಮಾ. ಲಿನಕ್ಸಿಗೆ ಅದು ಬೇಡ. ಪ್ಲೇಯರ್ ತಗೊಂಡು ಬನ್ನಿ."

ಹೋದೆ. ಭಾಯ್ ಪ್ಲೇಯರನ್ನು ಬೆಳಕಿಗೆ ಹಿಡಿದು ನೋಡಿದರು. ವೈರ್ ಸಿಕ್ಕಿಸುವ ತೂತಿನ ತುಂಬ ಅರಿಶಿನ, ಕುಂಕುಮ. ಹಳೇ ಟೂತ್‌ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜುತ್ತಾ ಹೇಳಿದರು: "ಪೂಜೆ ಮಾಡಿ ಅಮ್ಮಾ, ಬೇಡ ಅನ್ನಲ್ಲ. ಹಣೆಗಿಡಿ. ಬಾಯಿಗೆ ತುಂಬಬೇಡಿ."

ಬೀಳ್ಕೊಡುಗೆ

ಈ ಸಲ ಪ್ಲೇಯರ್ ಪರದೆಯಲ್ಲಿ ಕಾಣಿಸಿತು. ಹಾಡುಗಳನ್ನು ಕಾಪಿ ಮಾಡಿ, ಮುಗಿಯಿತೆಂದು ಎಳೆದುಕೊಂಡೆ. ಒತ್ತಿ ನೋಡಿದರೆ ಒಂದು ಹಾಡೂ ಇಲ್ಲ! ಮತ್ತೆ ಶಿವಾಜಿನಗರ.

"ಹಾಗೆ ಎಳೀಬಾರದು ಅಮ್ಮಾ. ಮೊದಲು ಪರದೆ ಮೇಲೆ ಅನ್‌ಮೌಂಟ್ ಅಂತ ಒತ್ತಬೇಕು. ಅಲ್ಲೀವರೆಗೂ ಹಾಡು ಪೂರ್ತಿ ಒಳಗೆ ಹೋಗಿರಲ್ಲ."

"ಅಯ್ಯೋ, ಉದ್ವಾಸನೆ ಅನ್ನಿ! ಪೂಜೆ ಮುಗಿದ ಮೇಲೆ ಕಲಶವನ್ನ ಸ್ವಲ್ಪ ಉತ್ತರಕ್ಕೆ ಸರಿಸಿ, ದೇವರನ್ನ ಬೀಳ್ಕೊಟ್ಟು ಆಮೇಲೆ ಎತ್ತೋದು."

"ಅದೇ ಅಂದ್ಕೊಳ್ಳಿ" ಅಂದು ಭಾಯ್ ನಕ್ಕರು.

ಮುಂದಿನ ವಾರ ಅಂಗಡಿಗೆ ಹೋದಾಗ, ಗಡ್ಡದ ಗಿರಾಕಿಯೊಬ್ಬರಿಗೆ ಭಾಯ್ ಗದರುತ್ತಿದ್ದರು: "ಎಷ್ಟು ಸಲ ಹೇಳ್ಬೇಕು ಮಿಯಾ? ಉದ್ವಾಸನೆ ಮಾಡದೆ ಎಳೀಬೇಡಿ!"

ಉತ್ತರ ದಿಕ್ಕು

ಧನುರ್ಮಾಸದ ಮೊದಲ ಬೆಳಗು. ಹಿಂದಿನ ರಾತ್ರಿಯಷ್ಟೇ ಕತ್ತರಿಸಿ ಸರಿಮಾಡಿದ ಹಾಡುಗಳು ಕಾಪಿಯಾಗುತ್ತಿದ್ದವು. ದೀಪ ಹಚ್ಚಲು ಹೋಗುತ್ತಾ ಯಜಮಾನರಿಗೆ, "ರೀ, ಮುಗಿದ ಮೇಲೆ ಉದ್ವಾಸನೆ ಮಾಡಿ ತೆಗೀರಿ" ಅಂದೆ. ಭಕ್ತಿವಂತರು, ಮಾಡಿದರು. ಹೊರಡುವ ಮೊದಲು ಒತ್ತಿ ನೋಡಿದೆ. ಪ್ಲೇಯರ್ ಖಾಲಿ!

"ಪರದೆ ಮೇಲೆ ಒತ್ತಿದ್ರಾ?"

"ಪರದೆ ಯಾಕೆ? ಕೈಮುಗಿದು, ವೈರ್ ಸಮೇತ ಉತ್ತರಕ್ಕೆ ಸರಿಸಿ ಎತ್ತಿದೆ. ಬೇಕಾದ್ರೆ ದಿಕ್ಕು ನೋಡ್ಕೋ, ತಪ್ಪಿಲ್ಲ."

ದಿಕ್ಕು ತಪ್ಪಿರಲಿಲ್ಲ, ನಿಜ.

ಗುಡಿಯಲ್ಲಿ

ಗುಡಿಯ ಗಂಟೆ ಕೇಳಿಸುತ್ತಿತ್ತು. ಅಧ್ಯಕ್ಷರ ಸಿ.ಡಿ. ಕಣ್ಣ ಮುಂದೆ ಬಂತು. ನಡುನಡುವೆ ಬಂದ ಮಾತು, ಕೆಮ್ಮುಗಳನ್ನು ಕತ್ತರಿಸಿದ ಹಾಡು ಯಾವುದು, ಕತ್ತರಿಸದ್ದು ಯಾವುದು ಎಂದು ಆರಿಸಲು ಪುರುಸೊತ್ತಿಲ್ಲದೆ ಇಡೀ ಫೋಲ್ಡರನ್ನೇ ಕಾಪಿ ಮಾಡಿ, ನಾನೇ ಅನ್‌ಮೌಂಟ್ ಒತ್ತಿ, ಯಜಮಾನರೊಂದಿಗೆ ಗುಡಿಗೆ ಓಡಿದೆ.

ಸ್ಪೀಕರಿನಲ್ಲಿ ನಮ್ಮ ದನಿ ಎದ್ದಿತು ನೋಡಿ, ನನಗೆ ಕಣ್ಣು ತುಂಬಿ ಬಂತು. ಅಧ್ಯಕ್ಷರೂ ತಲೆದೂಗಿದರು. ಹಾಡು ಕೇಳಲೆಂದು ಅಡುಗೆ ಭಟ್ಟರೂ ಪಾಕಶಾಲೆ ಬಿಟ್ಟು ಬಂದು ಕಂಬಕ್ಕೊರಗಿ ನಿಂತರು. ಎರಡು ಹಾಡು ಚೆನ್ನಾಗಿಯೇ ನಡೆದವು. ಮೂರನೆಯದರ ನಡುವೆ, ಇಡೀ ಹಲಸೂರಿಗೆ ಕೇಳುವ ಹಾಗೆ ನನ್ನ ದನಿ ಮೊಳಗಿತು:

"ರೀ! ಹಾಲು ಉಕ್ತಾ ಇದೆ! ಪೇಪರ್ ಕೆಳಗಿಟ್ಟು ಎದ್ದೇಳ್ರೀ!"

ಸಾಲಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದ ನಮ್ಮ ಯಜಮಾನರು ಅಭ್ಯಾಸಬಲದಿಂದ ಓಡಿದರು. ಅವರ ಹಿಂದೆ ಭಟ್ಟರು, "ಅಯ್ಯೋ, ಪೊಂಗಲ್ ಹಾಲು!" ಎಂದು ಕೂಗುತ್ತಾ ಓಡಿದರು. ಹೋಗಿ ನೋಡಿದರೆ ಹಾಲು ಆಗಲೇ ಕೊಳದಪ್ಪಲೆಯ ಅಂಚಿಗೆ ಬಂದಿತ್ತಂತೆ. ಒಂದು ತೊಟ್ಟೂ ಚೆಲ್ಲಲಿಲ್ಲ.

ಮಂಗಳಾರತಿಯಾದ ಮೇಲೆ ತಲೆ ತಗ್ಗಿಸಿ ಅಧ್ಯಕ್ಷರ ಮುಂದೆ ನಿಂತು, "ನಾಳೆಗೆ ಆ ಮಾತನ್ನ ಕತ್ತರಿಸಿ ತರ್ತೀನಿ" ಅಂದೆ.

ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಭಟ್ಟರು ಸೌಟು ಹಿಡಿದೇ ಬಂದರು: "ಬೇಕಾದ್ರೆ ಹಾಡು ಕತ್ತರಿಸಿ ತಾಯಿ. ಅದೊಂದು ಮಾತ್ರ ತಿಂಗಳಿಡೀ ಇರ್ಲಿ!"