ಕೊನೆಯ ಮಾತು ಮೊದಲು

ಹೋದ ವರ್ಷ ತನ್ನ ಚಿಕ್ಕಪ್ಪ ತೀರಿಕೊಂಡ ಸುದ್ದಿಯನ್ನು ಮಾಯಣ್ಣ ಉಣ್ಣುತ್ತಿದ್ದವರ ಎದುರು ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟಿದ್ದ. ಸಾವಿನ ಸುದ್ದಿ ಕೇಳಿದ ಮೇಲೆ ಉಣ್ಣಬಾರದೆಂದು ಅಷ್ಟೂ ಅಡುಗೆ ತಿಪ್ಪೆ ಸೇರಿತು. ಅಂದಿನಿಂದ ಹೆಂಡತಿ ಬೀರಮ್ಮನಿಗೆ ಅವನ ಬಾಯಿಯ ಮೇಲೆ ನಂಬಿಕೆಯಿಲ್ಲ.

ಇವತ್ತು ಮಗಳು ಉಮ ಸಂತೆಬಾಚಹಳ್ಳಿಯ ಆಸ್ಪತ್ರೆಯಲ್ಲಿ ಹೆತ್ತಿದ್ದಳು. ಚೊಚ್ಚಲ ಮೊಮ್ಮಗುವಿನ ಸುದ್ದಿಯನ್ನು ಬೀಗರಿಗೆ ಫೋನಿನಲ್ಲಿ ಹೇಳುವುದುಂಟೆ? ಸಕ್ಕರೆ ಕೊಟ್ಟೇ ಹೇಳಬೇಕು. ಅಳಿಯ ದಿಲೀಪನ ಫೋನನ್ನೂ ಬೀರಮ್ಮ ಕಿತ್ತಿಟ್ಟುಕೊಂಡಳು.

"ಗೊತ್ತಿರೋದ್ನ ಮೊದ್ಲು ಯೋಳಿ, ಗೊತ್ತಿಲ್ದೇ ಇರೋದ್ನ ಕೊನೇಗೆ. ಉಣ್ತಾ ಇದ್ರೆ ಉಂಡು ಏಳ್ಲಿ, ಆಮೇಲೆ ಬಾಯ್ ಬುಡಿ," ಎಂದು ಪಾಠ ಹೇಳಿ, ಖಾಲಿ ಹೊಟ್ಟೆಯಲ್ಲೇ ಗಂಡನನ್ನು ಬಸ್ಸು ಹತ್ತಿಸಿದಳು.

ಬೆಳಗೊಳದಲ್ಲಿ ಬೀಗ ಶಿವಣ್ಣ, ಬೀಗಿತ್ತಿ ಚಿಕ್ಕಬೋರಮ್ಮ ಮುದ್ದೆ, ನಾಟಿಕೋಳಿ ಸಾರಿನ ಮುಂದೆ ಕೂತಿದ್ದರು. ಮಾಯಣ್ಣನ ಬಾಯಲ್ಲಿ ನೀರೂರಿತು.

"ಬನ್ನಿ ಬೀಗ್ರೆ. ಏನ್ ಸಮಾಚಾರ?" ಎಂದ ಶಿವಣ್ಣ.

"ಮೊದ್ಲು ಉಂಡ್ಬುಡಿ. ಆಮೇಲೆ ಯೋಳ್ತೀನಿ."

ಆ ಸೀಮೆಯಲ್ಲಿ ಊಟ ಮುಗಿಯಲಿ ಎಂದು ಕಾಯುವ ಸುದ್ದಿ ಒಂದೇ, ಸಾವಿನದು. ಶಿವಣ್ಣನ ಕೈಯ ತುತ್ತು ತಟ್ಟೆಗೆ ಬಿತ್ತು.

"ಯಾರು?"

"ನಿಮ್ ಸೊಸೆ ಉಮ..." ಮಾಯಣ್ಣ ಪಾಠ ಒಪ್ಪಿಸತೊಡಗಿದ. "ಅವಳ್ನ ಸೋಮ್ವಾರ ಆಸ್ಪತ್ರೆಗೆ ಸೇರ್ಸಿದ್ವಲ್ಲ, ಬೆಳಗಾನ ನೋವು ತಿಂದ್ಲಲ್ಲ..."

ಚಿಕ್ಕಬೋರಮ್ಮ ಎದೆ ಬಡಿದುಕೊಂಡಳು. ಪಕ್ಕದ ಮನೆಯ ನರಸಯ್ಯ ಓಡಿ ಬಂದವನೇ ಏನು ಎತ್ತ ಕೇಳದೆ ಸಾರಿನ ಪಾತ್ರೆಯನ್ನು ತಿಪ್ಪೆಗೆ ಸುರಿದ. ಅಳು ಜೋರಾದಷ್ಟೂ ಮಾಯಣ್ಣ ಗಾಬರಿಯಾಗಿ ಗೊತ್ತಿರುವುದನ್ನೇ ಮತ್ತೆ ಮೊದಲಿಂದ ಹೇಳಿದ. ಶಿವಣ್ಣ ಅವನ ಕೊರಳಪಟ್ಟಿ ಹಿಡಿದ.

"ಕೊನೇದ್ನ ಮೊದ್ಲು ಯೋಳಿ ಬೀಗ್ರೆ."

"ಎಣ್ ಮಗು. ಇಬ್ರೂ ಚೆನ್ನಾಗವ್ರೆ."

ಚಿಕ್ಕಬೋರಮ್ಮ ಅಳುತ್ತಲೇ ನಕ್ಕಳು. ಶಿವಣ್ಣ ಬೀಗರು ತಂದ ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡ. ಮಾಯಣ್ಣನಿಗೂ ತಲೆಯ ಮೇಲಿನ ಮೂಟೆ ಇಳಿದಂತಾಯಿತು. ಕೋಳಿಯನ್ನು ಮಾತ್ರ ಅಷ್ಟರಲ್ಲಿ ಬೀದಿ ನಾಯಿಗಳು ಮುಗಿಸಿದ್ದವು. ಇನ್ನೊಂದು ಅಡುಗೆ ಮಾಡೋಣವೆಂದರೆ ಬಸ್ಸಿನ ಹೊತ್ತಾಗಿತ್ತು.

ಎರಡು ಬಸ್ಸು ಬದಲಿಸಿ ಸಂಜೆ ಮನೆ ಸೇರಿದರೆ, ಬೀರಮ್ಮ ಬಿಸಿ ಮುದ್ದೆ ತಟ್ಟೆಗಿಟ್ಟು ಕಾಯುತ್ತಿದ್ದಳು.

"ಮೊದ್ಲು ಉಂಡ್ಬುಡಿ. ಆಮೇಲೆ ಯೋಳ್ತೀನಿ."

ಮಾಯಣ್ಣ ತಟ್ಟೆಯಿಂದ ಹಿಂದೆ ಸರಿದ.

"ಯಾರು?"

"ಉಣ್ಣಿ ಅಂದ್ನಲ್ಲ."

"ಕೊನೇದ್ನ ಮೊದ್ಲು ಯೋಳು. ಅಲ್ಲೀಗಂಟ ಮುಟ್ಟಕಿಲ್ಲ."

"ಯಾರೂ ಸತ್ತಿಲ್ಲ ಕನಿ. ಬೀಗ್ರು ದಿಲೀಪನ್ ಫೋನ್ಗೆ ಮಾಡಿದ್ರು. ಟೆಂಪೋ ಮಾಡ್ಕಂಡು ಅನ್ನೆರ್ಡು ಜನ ಬಂದು, ಮಗು ನೋಡ್ಕಂಡು, ಈಗ ಇಲ್ಗೇ ಬತ್ತಾವ್ರೆ. ಇರಾದು ಇದೂ ಸೇರ್ಕಂಡು ಅನ್ನೆರ್ಡೇ ಮುದ್ದೆ. ಅದ್ಕೇ ಉಂಡ್ಬುಡಿ ಅಂದಿದ್ದು."

ಮಾಯಣ್ಣ ದೊಡ್ಡದಾಗಿ ಉಸಿರು ಬಿಟ್ಟ. ನಗು ಬಂತು. ಮುದ್ದೆಗೆ ಕೈ ಚಾಚುವಷ್ಟರಲ್ಲಿ ಹೊರಗೆ ಟೆಂಪೋ ನಿಂತಿತು.

"ಬೀಗ್ರೆ, ಊಟ ಆಯ್ತಾ?" ಶಿವಣ್ಣ ಬಾಗಿಲಲ್ಲೇ ಕೇಳಿದ.

ಮಾಯಣ್ಣ ಮುಟ್ಟದ ತಟ್ಟೆಯನ್ನು ಎತ್ತಿ ಬೀಗರ ಮುಂದಿಟ್ಟ.

"ಆಗ್ಲೇ ಆಯ್ತು," ಎಂದ.