ಮೋಟಾರು ಪ್ರೋಗ್ರಾಮುಗಳಿಗೆ ನಾನಿಟ್ಟ ದಾಖಲೆ

ಮೋಟಾರಿನ ಕೆಲಸ ಮಾಡುವವರ ಮನೆಯಲ್ಲಿ ನಗುವ ಸಂಗತಿಗೆ ಬರಗಾಲವಿಲ್ಲ. ಯಾವ ದಿನ, ಯಾರ ಮೋಟಾರಿನಿಂದ ಎಂಬುದಷ್ಟೇ ತಿಳಿಯುವುದಿಲ್ಲ. ನಮ್ಮ ಮನೆಯಲ್ಲಿ ಅದೂ ತಿಳಿಯುತ್ತದೆ, ಏಕೆಂದರೆ ನಾನು ಬರೆದಿಟ್ಟಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಯಜಮಾನರು ಹೊನ್ನಾವರದಲ್ಲಿ ಒಂದು ವರ್ಕ್‌ಶಾಪ್ ತೆರೆದರು. ಪಂಪು, ಅಕ್ಕಿ ಗಿರಣಿ, ಐಸ್ ಫ್ಯಾಕ್ಟರಿಗಳ ಮೋಟಾರುಗಳನ್ನು ತಾನಾಗಿ ಚಾಲೂ ಮಾಡಿ ತಾನಾಗಿ ನಿಲ್ಲಿಸುವ ಪೆಟ್ಟಿಗೆ ಮಾಡಿಕೊಡುತ್ತಿದ್ದರು. ಪೆಟ್ಟಿಗೆಯೊಳಗೆ ಬೆರಳುದ್ದದ ಒಂದು ಚಿಪ್. ಅದರೊಳಗೆ ಅವರು ಬರೆದ ಪ್ರೋಗ್ರಾಮು. ಬರೆಯುವುದು ಅವರ ಕೆಲಸ, ಬರೆದದ್ದನ್ನು ಅಚ್ಚುಕಟ್ಟಾಗಿ ಇಡುವುದು ನನ್ನದು. ನಾನು ಧಾರವಾಡದಲ್ಲಿ ಫಿಸಿಕ್ಸ್ ಓದಿ ಬಿ.ಎಸ್ಸಿ. ಮಾಡಿದವಳು, ಅವರು ಡಿಪ್ಲೊಮಾ. ಇದನ್ನು ನಾನು ಎಂದೂ ಎತ್ತಿ ಆಡಿದವಳಲ್ಲ, ಬೇಕಾದಾಗ ಮಾತ್ರ ಹೇಳಿದ್ದೇನೆ.

ಅವರು ತೀರಿಕೊಂಡು ಎರಡು ವರ್ಷವಾಯಿತು. ಹಳೆಯ ಪುಸ್ತಕ ತೆಗೆದು ಒಬ್ಬಳೇ ಓದಿದರೆ ಅಷ್ಟಾಗಿ ನಗು ಬರುವುದಿಲ್ಲ. ಅದಕ್ಕೇ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತು ನಿಮಿಷದ ಗದ್ದೆ

ಮೊದಲಿಗೆ ದಾಖಲೆ ಪುಸ್ತಕ ಇರಲಿಲ್ಲ. ಕಂಪ್ಯೂಟರಿನಲ್ಲಿ ಪ್ರೋಗ್ರಾಮುಗಳಿಗೆ ಅವರು ಇಟ್ಟ ಹೆಸರುಗಳು ಹೀಗಿದ್ದವು: ‘ಸರಿ’, ‘ಇದೇ ಸರಿ’, ‘ಕಡೇದು’, ‘ಕಡೇದು ಎರಡು’. ಯಾವುದು ಯಾರ ಮೋಟಾರಿನದು ಎಂದು ಕೇಳಿದರೆ ಹಣೆ ಮುಟ್ಟಿ ತೋರಿಸುತ್ತಿದ್ದರು. “ಎಲ್ಲಾ ಇಲ್ಲಿ ಇದ್ದು.”

ಒಂದು ದಿನ ಎರಡು ಪೆಟ್ಟಿಗೆಗಳು ಹೊರಟವು. ಒಂದು ಮುರ್ಡೇಶ್ವರದ ಲಾಡ್ಜಿನ ನೀರಿನ ಟ್ಯಾಂಕಿಗೆ, ಇನ್ನೊಂದು ಕಾಯ್ಕಿಣಿಯ ರೈತರೊಬ್ಬರ ಗದ್ದೆಯ ಪಂಪಿಗೆ. ಒಳಗಿನ ಚಿಪ್ ಅದಲುಬದಲಾಗಿತ್ತು. ಲಾಡ್ಜಿನ ಪಂಪು ತಾನು ಗದ್ದೆಗೆ ನೀರು ಹಾಯಿಸುತ್ತಿದ್ದೇನೆಂದು ನಂಬಿ ನಾಲ್ಕು ತಾಸು ಓಡಿತು. ಟ್ಯಾಂಕು ಉಕ್ಕಿ ನೀರು ಮೆಟ್ಟಿಲಿಳಿದು ಬಾಗಿಲಿಗೆ ಬಂತು. ಯಾತ್ರೆಗೆ ಬಂದಿದ್ದ ಅಜ್ಜಿಯೊಬ್ಬರು ಅದರಲ್ಲೇ ಕಾಲು ತೊಳೆದುಕೊಂಡು, ವ್ಯವಸ್ಥೆ ಬಹಳ ಚೆನ್ನಾಗಿದೆ ಎಂದು ಮ್ಯಾನೇಜರರನ್ನು ಹೊಗಳಿದರಂತೆ.

ಸಂಜೆ ಕಾಯ್ಕಿಣಿಯ ರೈತರು ಬಂದು ಬೆಂಚಿನ ಮೇಲೆ ಕೂತರು. ಸಿಟ್ಟೇನೂ ಇರಲಿಲ್ಲ. “ಭಟ್ರೇ, ನಿಮ್ಮ ಪೆಟ್ಟಿಗೆ ಗದ್ದೆ ತುಂಬ್ತು ಅಂತ ಹತ್ತೇ ನಿಮಿಷಕ್ಕೆ ನಿಲ್ತದೆ. ನನ್ನ ಗದ್ದೆ ಸಣ್ಣದು ಹೌದು. ಅಷ್ಟು ಸಣ್ಣದಲ್ಲ.”

ಕಿಟಕಿಯ ಬಿಸಿಲು

ಮರುದಿನವೇ ನಾನು ದಪ್ಪ ರಟ್ಟಿನ ಪುಸ್ತಕ ತಂದೆ. ಪ್ರತಿ ಪ್ರೋಗ್ರಾಮಿಗೂ ಒಂದು ಸಂಖ್ಯೆ, ಯಾರ ಮೋಟಾರು, ಏನು ಬದಲಾಯಿತು, ಏಕೆ ಬದಲಾಯಿತು. ಕಾರಣ ಬರೆಯದೆ ಒಂದು ಸಾಲೂ ಬದಲಾಗಕೂಡದು ಎಂದು ನಿಯಮ ಮಾಡಿದೆ. ಪುಟದ ಒಂದು ಪ್ರತಿಯನ್ನು ಮಾಲೀಕರಿಗೆ ಕೊಟ್ಟು ಸಹಿ ಪಡೆಯುವ ಪದ್ಧತಿಯೂ ನನ್ನದೇ.

ಇನ್ನು ಹೇಳುವ ತಪ್ಪೂ ನನ್ನದೇ. ಆಗಿನ ಚಿಪ್ಪುಗಳ ನೆತ್ತಿಯ ಮೇಲೆ ಗಾಜಿನ ಒಂದು ಪುಟ್ಟ ಕಿಂಡಿ ಇರುತ್ತಿತ್ತು. ಅದರ ಮೇಲೆ ಯಜಮಾನರು ಹರಕು ಕಾಗದದ ಚೂರು ಅಂಟಿಸಿಡುತ್ತಿದ್ದರು. ನನಗೆ ನೋಡಲಾಗಲಿಲ್ಲ. ಎಲ್ಲವನ್ನೂ ಕಿತ್ತು, ಗಾಜು ಒರೆಸಿ, ದುಂಡಗೆ ಸಂಖ್ಯೆ ಬರೆದ ಚೀಟಿಗಳನ್ನು ಗಾಜಿಗೆ ಅಡ್ಡವಾಗದಂತೆ ಕೆಳಬದಿಗೆ ಅಂಟಿಸಿದೆ. ಮಳೆಗಾಲದ ತೇವ ಹೋಗಲೆಂದು ತಟ್ಟೆಯಲ್ಲಿ ಸಾಲಾಗಿ ಜೋಡಿಸಿ ಹತ್ತು ದಿನ ಕಿಟಕಿಯ ಹೊರಗೆ ಬಿಸಿಲಿಗಿಟ್ಟೆ.

ಆ ಗಾಜಿನ ಮೂಲಕ ನೇರಳಾತೀತ ಬೆಳಕು ಬಿದ್ದರೆ ಒಳಗಿನ ಪ್ರೋಗ್ರಾಮು ಅಳಿಸಿಹೋಗುತ್ತದೆ. ಬೇಕಾದಾಗ ಅಳಿಸಲೆಂದೇ ಅದನ್ನು ಇಟ್ಟದ್ದು. ಬಿಸಿಲಿನಲ್ಲಿ ನೇರಳಾತೀತ ಕಿರಣವಿದೆ ಎಂಬುದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ.

ಯಜಮಾನರು ಒಂದೊಂದೇ ಚಿಪ್ ಪರೀಕ್ಷಿಸಿ ನೋಡಿದರು. ಎಲ್ಲವೂ ಖಾಲಿ. ಅವರು ಬೈಯಲಿಲ್ಲ. ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೇಳಿದರು, “ದಾಖಲೆ ಬಹಳ ಚೊಲೋ ಇದ್ದು. ಒಳಗೆ ಮಾತ್ರ ಎಂತೂ ಇಲ್ಲೆ.”

ಮಾಲೀಕರು ಒಪ್ಪಲಿಲ್ಲ

ಹಲವು ವರ್ಷಗಳ ಮೇಲೆ ಅವರ ಕಿಡ್ನಿ ಕೆಟ್ಟಿತು. ವಾರಕ್ಕೆರಡು ಸಲ ಆಸ್ಪತ್ರೆಗೆ ಓಡಾಟ. ಮಗಳು ಎಲೆಕ್ಟ್ರಾನಿಕ್ಸ್ ಓದಿ ಬಂದು ಅವರ ಬೆಂಚಿನಲ್ಲೇ ಕೆಲಸ ಕಲಿಯುತ್ತಿದ್ದಳು. ಹಣೆಯೊಳಗೆ ಇದ್ದುದೆಲ್ಲ ಪುಸ್ತಕಕ್ಕೆ ಇಳಿಯುವ ಮೊದಲೇ ಅವರು ಹೋಗಿಬಿಟ್ಟರೆ ವರ್ಕ್‌ಶಾಪೂ ಅವರೊಂದಿಗೇ ಮುಚ್ಚುತ್ತದೆ ಎಂಬುದು ನಮ್ಮ ಮೂವರಿಗೂ ಗೊತ್ತಿತ್ತು, ಯಾರೂ ಹೇಳುತ್ತಿರಲಿಲ್ಲ. ಬಸ್ಸಿನಲ್ಲಿ ಅವರು ಹೇಳುತ್ತಾ ಹೋದಂತೆ ನಾನು ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದೆ. ಕುಮಟೆಯ ಗಿರಣಿ ಮುಗಿಯಿತು, ಭಟ್ಕಳದ ಎರಡು ಪಂಪು ಮುಗಿಯಿತು.

ಅವರು ದಿನಕ್ಕೆ ಎಷ್ಟು ನೀರು ಕುಡಿದರು, ಕಾಲು ಎಷ್ಟು ಊದಿತು ಎಂಬುದಕ್ಕೆ ಬೇರೆ ಪುಸ್ತಕವಿತ್ತು. ಒಂದು ದಿನ ಡಾಕ್ಟರು ಅದನ್ನು ಕೇಳಿದರು. ಎರಡಕ್ಕೂ ಒಂದೇ ಬಣ್ಣದ ರಟ್ಟು. ಕೈಗೆ ಸಿಕ್ಕಿದ್ದನ್ನು ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು: “ಬಹಳ ಹಳೆಯದು. ಸ್ವಲ್ಪ ಕೆಲಸಕ್ಕೇ ಬಿಸಿಯಾಗಿ ನಿಲ್ಲುತ್ತದೆ. ರಿಪೇರಿ ಮಾಡಿ ಉಪಯೋಗವಿಲ್ಲ, ಬೇರೆ ತರುವುದು ಒಳ್ಳೆಯದು ಎಂದು ಮಾಲೀಕರಿಗೆ ತಿಳಿಸಲಾಗಿದೆ.” ಓದಿ ನನ್ನ ಮುಖ ನೋಡಿದರು.

ನಾನು ಚೀಲದಲ್ಲಿ ಇನ್ನೊಂದು ಪುಸ್ತಕ ಹುಡುಕತೊಡಗಿದೆ. ಮಂಚದ ಮೇಲಿಂದ ಯಜಮಾನರೇ ಹೇಳಿದರು, “ಮುಂದಿನ ಸಾಲೂ ಓದಿ ಡಾಕ್ಟರೇ. ಮಾಲೀಕರು ಒಪ್ಪಲಿಲ್ಲ ಅಂತ ಇದೆ.”

ನಿಲ್ಲದ ಮೋಟಾರು

ಅವರು ತೀರಿಕೊಂಡ ವರ್ಷದ ಮೊದಲ ಮಳೆಗೆ ಕಾಸರಕೋಡಿನ ಐಸ್ ಫ್ಯಾಕ್ಟರಿಯ ಪೆಟ್ಟಿಗೆ ಸಿಡಿಲಿಗೆ ಸುಟ್ಟಿತು. ಅವರಿಲ್ಲದೆ ನಮಗೆ ಬಂದ ಮೊದಲ ದೊಡ್ಡ ಕೆಲಸ. ಮಗಳು ಸುಟ್ಟ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟಳು. “ಆಯಿ, ಅಪ್ಪಯ್ಯ ಎಲ್ಲಾ ಬರಸಿದ್ದನಾ?” ಎಂದು ಕೇಳಿದಳು. ಪುಸ್ತಕ ತೆರೆದು ಸಂಖ್ಯೆ ತೋರಿಸಿದೆ. ಹೊಸ ಪೆಟ್ಟಿಗೆ, ಹೊಸ ಚಿಪ್, ಕಂಪ್ಯೂಟರಿನಿಂದ ಆ ಸಂಖ್ಯೆಯ ಪ್ರೋಗ್ರಾಮು. ಸಂಜೆಯೊಳಗೆ ಮೋಟಾರು ಓಡಿತು. ಮಾಲೀಕರು ಫೋನಿನಲ್ಲಿ ಮಗಳನ್ನು ಹೊಗಳಿದರು. ಆ ದಿನ ನಾನು ಸ್ವಲ್ಪ ಹೊತ್ತು ಪುಸ್ತಕವನ್ನು ಮುಚ್ಚದೆ ಎದುರಿಗಿಟ್ಟುಕೊಂಡು ಕೂತಿದ್ದೆ.

ನಾಲ್ಕನೇ ದಿನ ಅಲ್ಲಿನ ಆಪರೇಟರು ಬಂದರು. ಐವತ್ತು ದಾಟಿದ ಮನುಷ್ಯ, ಮೋಟಾರು ಕೋಣೆಯಲ್ಲೇ ಇಪ್ಪತ್ತು ವರ್ಷ ಕಳೆದವರು. ಬಾಗಿಲಲ್ಲೇ ನಿಂತರು.

“ಅಮ್ಮ, ಮೋಟಾರು ನಿಲ್ಲೂದೇ ಇಲ್ಲ.”

“ನಿಲ್ಲಬಾರದಲ್ಲ?” ಎಂದೆ.

“ಮಧ್ಯಾಹ್ನ ಒಂದು ಗಂಟೆಗೆ ನಿಲ್ತಿತ್ತು. ಇಪ್ಪತ್ತು ನಿಮಿಷ. ಮೋಟಾರು ತಣೀಲಿಕ್ಕೆ ಅಂತ ಭಟ್ರು ಮಾಲೀಕರಿಗೆ ಹೇಳಿದ್ರು.”

ಪುಸ್ತಕ ತೆಗೆದು ಎರಡು ಸಲ ನೋಡಿದೆ. ಅಂಥದ್ದೇನೂ ಇರಲಿಲ್ಲ. ನನ್ನ ಪುಸ್ತಕದಲ್ಲಿ ಇಲ್ಲದ ಬದಲಾವಣೆ ಆಗಿಲ್ಲ ಎಂದು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. “ಆ ಮೋಟಾರು ತಣಿಯುವ ಅಗತ್ಯವೂ ಇಲ್ಲ. ಅದಕ್ಕೆ ಬೇರೆ ಫ್ಯಾನ್ ಇದೆ.”

“ಮೋಟಾರಿಗೆ ಅಗತ್ಯ ಇಲ್ಲ ಅಮ್ಮ,” ಎಂದು ಅವರು ನೆಲ ನೋಡಿದರು. “ಓಡೂ ಮೋಟಾರು ಬಿಟ್ಟು ಆಚೆ ಹೋಗ್ಬಾರ್ದು ಅಂತ ನಮ್ಮಲ್ಲಿ ಕಾಯ್ದೆ. ನಾನು ಅದರ ಬುಡದಲ್ಲೇ ಒಂದು ಕೈ ಸ್ವಿಚ್ಚಿನ ಹತ್ರ ಇಟ್ಕಂಡು ಉಣ್ತಿದ್ದೆ. ಭಟ್ರು ಒಂದಿನ ರಿಪೇರಿಗೆ ಬಂದವರು ನೋಡಿದ್ರು. ಮರುವಾರ ಬೇರೆ ಚಿಪ್ ತಂದು ಹಾಕಿ ಹೋದ್ರು.”

“ನನಗೆ ಯಾಕೆ ಹೇಳಲಿಲ್ಲ?” ಎಂದೆ. ಕೇಳಿದ್ದು ಆಪರೇಟರನ್ನಲ್ಲ. ಉತ್ತರ ಅವರೇ ಕೊಟ್ಟರು.

“ಅಮ್ಮನಿಗೆ ಹೇಳಿದ್ರೆ ಕಾರಣ ಬರೀತ್ರು, ಬರ್ದದ್ದನ್ನು ಮಾಲೀಕರಿಗೆ ಕೊಟ್ಟು ಸಹಿ ಹಾಕಿಸ್ತ್ರು ಅಂದಿದ್ರು ಭಟ್ರು.”

ಎಲ್ಲವೂ ಪುಸ್ತಕಕ್ಕೆ ಇಳಿಯಿತು ಎಂದು ಇಷ್ಟು ದಿನ ಅಂದುಕೊಂಡಿದ್ದೆ. ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಿದ್ದ ಯಜಮಾನರು ಒಂದನ್ನು ಹಣೆಯೊಳಗೇ ಇಟ್ಟುಕೊಂಡು ಹೋಗಿಬಿಟ್ಟಿದ್ದರು. ನಾನು ಮುಖ ತಿರುಗಿಸಿ ಕಿಟಕಿ ಹಾಕಲು ಎದ್ದೆ. ಕಿಟಕಿ ಹಾಕಿಯೇ ಇತ್ತು.

ಮಗಳು ಅಷ್ಟರಲ್ಲಿ ಕಂಪ್ಯೂಟರಿನ ಮುಂದೆ ಕೂತಾಗಿತ್ತು. “ಆಯಿ, ಕಾರಣ ಎಂತ ಬರೀಲಿ?”

ಪೆನ್ನು ನಾನೇ ತೆಗೆದುಕೊಂಡೆ. ಆ ಪುಸ್ತಕದಲ್ಲಿ ನಾನು ಬರೆದಿರುವ ಒಂದೇ ಒಂದು ಸುಳ್ಳು ಅದು: ‘ಮೋಟಾರು ತಣಿಯಲು, ಮಧ್ಯಾಹ್ನ ಒಂದು ಗಂಟೆಗೆ, ಇಪ್ಪತ್ತು ನಿಮಿಷ.’ ಬರೆದದ್ದನ್ನು ಗಟ್ಟಿಯಾಗಿ ಓದಿ, ಸರಿಯಾಯಿತೇ ಎಂದು ಆಪರೇಟರನ್ನು ಕೇಳಿದೆ.

ಅವರು ಸ್ವಲ್ಪ ಸಂಕೋಚದಿಂದ ತಲೆ ಕೆರೆದುಕೊಂಡರು. “ಸರಿ ಆತು ಅಮ್ಮ. ಆದ್ರೆ ಭಟ್ರು ಅನ್ನ, ಸಾರು, ಮಜ್ಜಿಗೆ ಉಣ್ಣೂ ಲೆಕ್ಕದಲ್ಲಿ ಇಪ್ಪತ್ತು ಹಾಕಿದ್ರು. ನಮ್ದು ಮೀನು. ಮುಳ್ಳು ಬಿಡಿಸೂದಕ್ಕೆ ಇನ್ನೊಂದು ಐದು ನಿಮಿಷ ಹಾಕಿ.”