ಅಕ್ಕಿ ಲಾರಿಯಲ್ಲಿ ಬಂದ ಪಿಯಾನೋ

ನಮ್ಮ ಕಡೆ ಯಾವ ಕಾರ್ಯಕ್ರಮವೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದಂತೆ ನಡೆದದ್ದನ್ನು ನಾನು ಕಂಡಿಲ್ಲ. ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಮೈಕ್ ಹಿಡಿದರೆ ತಡವರಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸುತ್ತಲಿನ ಸಭೆಗಳ ನಿರೂಪಣೆಯೆಲ್ಲ ನನ್ನ ಪಾಲಿಗೆ. ಎಡವಟ್ಟುಗಳು ನನಗೆ ರೂಢಿ. ಆದರೆ ಹೋದ ಚಳಿಗಾಲ ಪಿಯಾನೋ ಬಂದಾಗ ನಡೆದದ್ದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಜುಮ್ಮೆನ್ನುತ್ತದೆ.

ನಮ್ಮೂರ ಅಕ್ಕಿ ಗಿರಣಿ ಸಾಹುಕಾರರು ಮೈಸೂರಿನಲ್ಲಿ ಒಬ್ಬ ಮೇಡಂ ಪಿಯಾನೋ ನುಡಿಸುವುದನ್ನು ಕೇಳಿ ಮರುಳಾಗಿ, 'ನಮ್ಮ ಮಂದೀನೂ ಇದನ್ನ ಕೇಳಬೇಕ್ರಿ' ಎಂದು ಕರೆದುಬಿಟ್ಟರು. ನೀರು, ಸಂಜೆ, ಬೆಳಗು ಇಂಥವನ್ನು ಕುರಿತ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಮಾತಿಲ್ಲ, ಹಾಡಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ, ಮೂರು ಕಡೆ ಕಛೇರಿ. ಪಿಯಾನೋ ಸಾಹುಕಾರರ ಲಾರಿಯಲ್ಲಿ, ಹಾಸಿಗೆಗಳ ನಡುವೆ ಮಲಗಿ ಬಂತು.

ಮೇಡಂ ನನ್ನನ್ನು ಕೇಳಿದ್ದು ಒಂದೇ ಮಾತು: 'ಜನ ಕೊನೆವರೆಗೂ ಕೂತ್ಕೋತಾರಾ?'

'ಕುಂದರ್ತಾರ್ರಿ' ಎಂದೆ. ನನಗೇ ನಂಬಿಕೆ ಇರಲಿಲ್ಲ.

ನೀರಿನ ಪಾಳಿ

ಸಿಂಧನೂರಿನ ಕಲ್ಯಾಣ ಮಂಟಪ ತುಂಬಿತ್ತು. ಮೊದಲ ರಚನೆ ಹರಿಯುವ ನೀರಿನದು. ಹನಿಹನಿಯಾಗಿ ಒಂದೊಂದೇ ಸ್ವರ, ಆಮೇಲೆ ಸಣ್ಣ ಹರಿವು, ನೋಡನೋಡುತ್ತ ಮಂಟಪದೊಳಗೆಲ್ಲ ನೀರು ನುಗ್ಗಿದಂತಾಯಿತು. ಅಳುತ್ತಿದ್ದ ಕೂಸುಗಳೂ ಸುಮ್ಮನಾದವು. ಅಷ್ಟರಲ್ಲಿ ಎರಡನೇ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತಿದ್ದ ರೈತರೊಬ್ಬರು ದಿಗ್ಗನೆ ಎದ್ದು ಹೊರಗೆ ನಡೆದರು. ಮೇಡಂ ಅದನ್ನು ನೋಡಿದರು. ಮುಖ ಸಣ್ಣದಾಯಿತು.

ಕೊನೆಯ ರಚನೆ ಹೊತ್ತಿಗೆ ಅದೇ ರೈತರು ವಾಪಸು ಬಂದು ಬಾಗಿಲಲ್ಲಿ ನಿಂತಿದ್ದರು. ಮೊಣಕಾಲವರೆಗೆ ಕೆಸರು. ಎಲ್ಲ ಮುಗಿದ ಮೇಲೆ ಮೇಡಂ ಎದುರಿಗೇ ಕೇಳಿದೆ: 'ಯಾಕ್ರೀ ಕಾಕಾ, ನಡುವ ಎದ್ದು ಹೋದ್ರಿ? ಸೇರಲಿಲ್ಲೇನು?'

'ಸೇರಲಿಲ್ಲ ಅಂತ ಯಾರಂದ್ರವ್ವಾ? ಖರೇನ ನೀರು ಹರದಂಗ ಕೇಳ್ತು. ಆಗ ನೆನಪಾತು, ಇವತ್ತ ಕಾಲುವಿ ನೀರಿನ ಪಾಳಿ ನಂದು, ಗದ್ದಿಗೆ ನೀರು ಬಿಟ್ಟು ಹಂಗ ಬಂದೀನಿ ಅಂತ. ಹೋಗಿ ನೋಡಿದ್ರ ಮಡಿ ತುಂಬಿ ಬಾಜೂದವನ ಹೊಲಕ್ಕ ಹರಿಯಾಕತ್ತಿತ್ತು. ಕಟ್ಟಿ ಬಂದೆ.' ಆಮೇಲೆ ಮೇಡಂ ಕಡೆ ತಿರುಗಿ ಕೈಮುಗಿದರು. 'ಇನ್ನೊಮ್ಮೆ ಬರೂದಿದ್ರ ನನ್ನ ಪಾಳಿ ಕೇಳಿಕೊಂಡು ಬರ್ರಿ ತಾಯಿ. ಪೂರಾ ಕೇಳತೀನಿ.'

ನಡುವಿನ ಸನ್ಮಾನ

ಲಿಂಗಸುಗೂರಿನಲ್ಲಿ ಸಂಜೆ ಬೆಳಕಿನ ರಚನೆ. ಸ್ವರ ಸಣ್ಣಗಾಗುತ್ತ ಆಗುತ್ತ, ಹೊತ್ತು ಮುಳುಗಿದ ಹಾಗೆ ನಿಂತೇ ಹೋಗುತ್ತದೆ. ಮೇಡಂ ಕೈ ಎತ್ತಿ ಸುಮ್ಮನೆ ಕೂತರು. ಆ ಮೌನವೂ ಸಂಗೀತದ ಭಾಗವೇ. ಸಾಹುಕಾರರಿಗೆ ಅದು ಗೊತ್ತಿರಲಿಲ್ಲ. ಮುಗಿಯಿತೆಂದು ವೇದಿಕೆ ಹತ್ತಿ, ಶಾಲು ಹೊದಿಸಿ, ಹಾರ ಹಾಕಿಯೇಬಿಟ್ಟರು. ಜನ ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಮೇಡಂ ಶಾಲು, ಹಾರ ಸಮೇತ ಮುಂದಿನ ಸ್ವರ ನುಡಿಸಿದರು.

ಸಾಹುಕಾರರು ಇಳಿಯುವಂತಿಲ್ಲ, ಹೆಜ್ಜೆ ಇಟ್ಟರೆ ವೇದಿಕೆಯ ಹಲಗೆ ಕಿರ್ ಎನ್ನುತ್ತಿತ್ತು. ಕೈಮುಗಿದುಕೊಂಡು ಪಿಯಾನೋ ಪಕ್ಕದಲ್ಲೇ ನಿಂತುಬಿಟ್ಟರು. ನಿಂತವರು ಮೆಲ್ಲಗೆ ಬಗ್ಗಿ, ತೆರೆದ ಮುಚ್ಚಳದೊಳಗೆ ತಂತಿಗಳು ನಡುಗುವುದನ್ನು ನೋಡತೊಡಗಿದರು. ಮುಗಿಯುವ ಹೊತ್ತಿಗೆ ಅವರ ಕಣ್ಣು ತುಂಬಿತ್ತು.

ಕೆಳಗೆ ಬಂದು ನನ್ನ ಕಿವಿಯಲ್ಲಿ ಹೇಳಿದರು: 'ಅಷ್ಟು ಬಾಜೂಕ ನಿಂತು ಕೇಳೂ ಭಾಗ್ಯ ಯಾರಿಗೂ ಸಿಗೂದಿಲ್ರಿ ಟೀಚರ್. ಮಸ್ಕಿಯೊಳಗೂ ಸನ್ಮಾನ ನಡುವನ ಇಡ್ರಿ.'

ಮಸ್ಕಿಯ ಬೆಳಗು

ಮಸ್ಕಿಯಲ್ಲಿ ಸೂರ್ಯೋದಯದ ರಚನೆ. ನಾನು ಅದರ ಹೆಸರು ಹೇಳಿ ಮೈಕ್ ಇಡುತ್ತಿದ್ದಂತೆ ಕರೆಂಟ್ ಹೋಯಿತು. ಹೊರಗೆ ಆಗಲೇ ಕತ್ತಲಾಗಿತ್ತು. 'ಕರೆಂಟ್ ಬರೋತನ ತಡೀರಿ' ಎಂದು ಯಾರೋ ಕೂಗಿದರು.

'ಇದಕ್ಕೆ ಕರೆಂಟ್ ಬೇಡ' ಎಂದು ಮೇಡಂ ನುಡಿಸತೊಡಗಿದರು.

ಮೊದಲು ತಗ್ಗಿನ ಸ್ವರಗಳು, ನೆಲದೊಳಗಿಂದ ಬಂದಂತೆ. ಆಮೇಲೆ ಎಲ್ಲೋ ಒಂದು ಹಕ್ಕಿ, ಇನ್ನೊಂದು ಹಕ್ಕಿ. ಯಾರೂ ಮೊಬೈಲ್ ಬೆಳಕು ಹಾಕಲಿಲ್ಲ. ಆ ಕತ್ತಲಲ್ಲಿ ಮೂಡಣ ಕೆಂಪಾಗುವುದನ್ನು ನಾನು ಕಿವಿಯಿಂದ ಕಂಡೆ. ಸ್ವರ ಏರುತ್ತ ಏರುತ್ತ, ಇನ್ನು ಸೂರ್ಯ ಬರಲೇಬೇಕು ಎನ್ನುವ ಹೊತ್ತಿಗೆ ಮೇಡಂ ಎರಡೂ ಕೈ ಒಟ್ಟಿಗೆ ಇಳಿಸಿದರು. ಅದೇ ಗಳಿಗೆಗೆ ಸಭಾಂಗಣದ ದೀಪಗಳೆಲ್ಲ ಒಮ್ಮೆಲೇ ಹತ್ತಿಕೊಂಡವು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಸುಮ್ಮನೆ ಎದ್ದು ನಿಂತರು. ಮುಂದಿನ ಸಾಲಿನ ಮುದುಕಿಯೊಬ್ಬರು ಕೈಮುಗಿದು, 'ಬಾರಿಸಿ ಬಾರಿಸಿ ಕರೆಂಟ್ ತರಿಸಿದ್ಲಲ್ಲವ್ವಾ ಈಕಿ' ಎಂದರು.

'ಹಂಗೇನಿಲ್ಲ ಆಯಿ, ಅದು ತಾನಾಗೇ ಬಂತು' ಎಂದೆ.

'ತಾನಾಗೇ ಬರೂದಾಗಿದ್ರ ದಿನಾ ಯಾಕ ಬರೂದಿಲ್ಲ?'

ಮರುದಿನ ಮೇಡಂ ಹೊರಡುವ ಹೊತ್ತಿಗೆ ಪಕ್ಕದ ಹಳ್ಳಿಯಿಂದ ನನಗೊಂದು ಫೋನ್ ಬಂತು.

'ಟೀಚರ್, ಆ ಪಿಯಾನೋ ಮೇಡಂ ಇನ್ನೂ ಇಲ್ಲೇ ಅದಾರೇನ್ರಿ?'

'ಅದಾರ. ಯಾಕ್ರಿ?'

'ನಮ್ಮೂರಾಗ ಟ್ರಾನ್ಸ್‌ಫಾರ್ಮರ್ ಸುಟ್ಟು ವಾರ ಆತು. ಹೋಗೂ ದಾರಿಯೊಳಗ ಒಂದೀಟು ಬಾರಿಸಿ ಹೋಗಲಿ.'